ಅಂಚೆ ಕಾರ್ಡಿನಿಂದ ವಾಟ್ಸಾಪ್‌ವರೆಗೆ: ನಮ್ಮ ಖಾಸಗಿತನದ ಕಥೆ

ನಮ್ಮ ಸಂಘದ ಮಹಿಳಾ ವಿಭಾಗದ ಸ್ಮರಣ ಸಂಚಿಕೆ ಕೈಗೆ ಬಂದ ಕೂಡಲೇ ಹೆಚ್ಚಿನವರು ಮೊದಲು ತೆರೆಯುತ್ತಿದ್ದುದು ಕೊನೆಯ ಪುಟಗಳನ್ನು. ಲೇಖನ, ಕವಿತೆ, ಅಡುಗೆ ಎಲ್ಲ ಆಮೇಲೆ. ಕೊನೆಯಲ್ಲಿ ಸದಸ್ಯೆಯರ ವಿಳಾಸಪಟ್ಟಿ ಇರುತ್ತಿತ್ತು. ಹೆಸರು, ಗಂಡನ ಹೆಸರು, ಊರು, ಕಟ್ಟಡ, ಫ್ಲ್ಯಾಟ್ ನಂಬರು, ಫೋನ್, ಹುಟ್ಟಿದ ದಿನ, ಮದುವೆಯ ದಿನ, ರಕ್ತದ ಗುಂಪು, ಮಕ್ಕಳು ಎಷ್ಟು, ಏನು ಓದುತ್ತಿದ್ದಾರೆ ಎಂಬುದೆಲ್ಲ ಅದರಲ್ಲಿತ್ತು. ಆ ಪಟ್ಟಿ ನೋಡಿಯೇ ನನಗೆ ಚಾಂದಿವಲಿಯಲ್ಲಿ ನಮ್ಮೂರಿನ ಪಕ್ಕದ ಹಳ್ಳಿಯವರೊಬ್ಬರು ಸಿಕ್ಕಿದ್ದು. ಅದನ್ನು ನೋಡಿ ಎರಡು ಮದುವೆ ಕುದುರಿದ್ದೂ, ಒಮ್ಮೆ ರಾತ್ರಿ ಹನ್ನೊಂದಕ್ಕೆ ರಕ್ತ ಕೊಡುವವರು ಸಿಕ್ಕಿದ್ದೂ ನನಗೆ ಗೊತ್ತು.

ಈ ಸಲವೂ ಪಟ್ಟಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೇ ಬಂತು. ಎಲ್ಲರಿಂದ ಮಾಹಿತಿ ಸಂಗ್ರಹಿಸಿದೆ, ಅಕಾರಾದಿಯಾಗಿ ಜೋಡಿಸಿದೆ. ಕೊನೆಗೆ ಸಮಿತಿಯ ಮುಂದೆ ಹೋಗಿ, "ಇದನ್ನು ಹಾಕುವುದು ಬೇಡ" ಎಂದೆ. ಎಲ್ಲರೂ ಕಣ್ಣರಳಿಸಿದರು. "ಅಕ್ಕಾ, ಇಷ್ಟು ವರ್ಷ ಹಾಕಿಲ್ಲವಾ? ಈಗೇನು ಹೊಸತು?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆಯೇ. ಮೂವತ್ತು ವರ್ಷ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು ನಾನು. ಯಾವುದಕ್ಕೂ ಉತ್ತರ ಕೊಡಬೇಕಾದರೆ ಇಸವಿ ಹಿಡಿದು ಹಿಂದಕ್ಕೆ ಹೋಗುವುದೇ ನನ್ನ ಅಭ್ಯಾಸ. ಆ ಉತ್ತರವೇ ಈ ಲೇಖನ.

ತೆರೆದ ಕಾರ್ಡು, ಮುಚ್ಚಿದ ಪತ್ರ

ಭಾರತದಲ್ಲಿ ಅಂಚೆ ಕಾರ್ಡು ಬಂದದ್ದು 1879ರ ಜುಲೈ 1ರಂದು. ಬೆಲೆ ಕಾಲಾಣೆ. ಅಗ್ಗವಾಯಿತು, ಆದರೆ ಅದಕ್ಕೊಂದು ಬೆಲೆಯೂ ಇತ್ತು: ಬರೆದದ್ದನ್ನು ಅಂಚೆಯವನೂ ಓದಬಹುದು, ಅಂಗಡಿಯವನೂ ಓದಬಹುದು. ನಮ್ಮ ಊರಿನಲ್ಲಿ ಅಂಚೆಯಣ್ಣ ಕಾರ್ಡು ಕೊಡುವಾಗಲೇ "ನಿಮ್ಮ ಮಗಳಿಗೆ ಗಂಡು ಮಗುವಂತೆ" ಎಂದು ಹೇಳಿಬಿಡುತ್ತಿದ್ದ. ಯಾರಿಗೂ ಕೋಪ ಬರುತ್ತಿರಲಿಲ್ಲ. ಯಾಕೆಂದರೆ ಕಾರ್ಡಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದು ಅಕ್ಷರ ಕಲಿತ ಎಲ್ಲರಿಗೂ ಗೊತ್ತಿತ್ತು. ಕ್ಷೇಮ ಸಮಾಚಾರ, ಮಳೆ ಬೆಳೆ, ಹೆರಿಗೆ, ಗೃಹಪ್ರವೇಶ ಕಾರ್ಡಿಗೆ. ಸಾಲ, ಜಗಳ, ಕಾಯಿಲೆ, ಸೊಸೆಯ ಕಷ್ಟ ಲಕೋಟೆಗೆ.

1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಪತ್ರ ಬಂತು. ಆ ನೀಲಿ ಕಾಗದ ನಮ್ಮ ತಾಯಂದಿರ ಪಾಲಿಗೆ ದೊಡ್ಡ ಉಪಕಾರ. ಅಗ್ಗವೂ ಹೌದು, ಮಡಚಿ ಅಂಟಿಸಬಹುದಾದದ್ದೂ ಹೌದು. 1988ರಲ್ಲಿ ಮದುವೆಯಾಗಿ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಈ ಊರಿಗೆ ಬಂದ ನನಗೆ ಅಮ್ಮನೊಂದಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದುದು ಆ ಕಾಗದವೊಂದೇ. ಅಂಟಿಸುವ ಮೂರನೆಯ ಮಡಿಕೆಯ ಒಳಗಡೆ ಸಣ್ಣ ಅಕ್ಷರದಲ್ಲಿ ಬರೆದ ಸಾಲುಗಳೇ ನಿಜವಾದ ಪತ್ರ. ಉಳಿದದ್ದೆಲ್ಲ ಊರಿನಲ್ಲಿ ಯಾರಾದರೂ ಕೇಳಿದರೆ ಓದಿ ಹೇಳುವುದಕ್ಕೆ.

ಆ ಕಾಲದ ಹೆಂಗಸರಿಗೆ ಖಾಸಗಿತನ ಎಂಬ ಶಬ್ದ ಗೊತ್ತಿರಲಿಲ್ಲ, ಆದರೆ ವಿದ್ಯೆ ಗೊತ್ತಿತ್ತು. ನಮ್ಮ ಲೇಖಕಿಯರನ್ನೇ ನೋಡಿ. 1912ರಿಂದ 1939ರವರೆಗೆ ಬದುಕಿದ ಕೊಡಗಿನ ಗೌರಮ್ಮ ಕಥೆಗಳನ್ನು ಪ್ರಕಟಿಸಿದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ. ತ್ರಿವೇಣಿ ಎಂದು ನಾವೆಲ್ಲ ಓದಿ ಕಣ್ಣೀರು ಹಾಕಿದ ಲೇಖಕಿಯ ಹೆಸರು ಅನಸೂಯಾ ಶಂಕರ್. ಎಷ್ಟು ಮುಖ ತೋರಿಸಬೇಕು, ಎಷ್ಟು ಸೆರಗಿನ ಮರೆಯಲ್ಲಿರಬೇಕು ಎಂಬ ಲೆಕ್ಕಾಚಾರ ಫೇಸ್‌ಬುಕ್ ಬರುವ ಎಷ್ಟೋ ಮೊದಲೇ ಹೆಂಗಸರು ಮಾಡಿಕೊಂಡು ಬಂದದ್ದು.

ಪಕ್ಕದ ಮನೆಯ ಫೋನು

ಇನ್ನು ಟೆಲಿಫೋನು. ಮುಂಬಯಿಗೆ ಟೆಲಿಫೋನ್ ವಿನಿಮಯ ಕೇಂದ್ರ ಬಂದದ್ದು 1882ರಲ್ಲೇ. ಆದರೆ ನೂರು ವರ್ಷದ ನಂತರವೂ ನಮ್ಮಂಥವರ ಮನೆಗೆ ಅದು ಬಂದಿರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಪಿ.ಪಿ. ನಂಬರು, ಅಂದರೆ ಪಕ್ಕದ ಮನೆಯವರ ಫೋನು. ವಿಸಿಟಿಂಗ್ ಕಾರ್ಡಿನಲ್ಲೂ, ಮದುವೆ ಆಮಂತ್ರಣದಲ್ಲೂ ಆ ನಂಬರನ್ನೇ ಅಚ್ಚು ಹಾಕಿಸುತ್ತಿದ್ದರು.

ನಮ್ಮ ಕಟ್ಟಡದಲ್ಲಿ ಫೋನಿದ್ದುದು ಕೆಳಗಿನ ಮರಾಠಿ ಕಾಕುವಿನ ಮನೆಯಲ್ಲಿ. ಊರಿನಿಂದ ಕರೆ ಬಂದರೆ ಅವರ ಮಗ ಮೆಟ್ಟಿಲಿನಿಂದಲೇ ಕೂಗುತ್ತಿದ್ದ. ಮೂರು ಮಹಡಿಗೂ ಗೊತ್ತಾಗುತ್ತಿತ್ತು. ಕಾಕು ಪಕ್ಕದಲ್ಲೇ ತರಕಾರಿ ಹೆಚ್ಚುತ್ತಾ ಕೂರುತ್ತಿದ್ದರು. ಕನ್ನಡ ತಿಳಿಯದಿದ್ದರೂ ನನ್ನ ಮುಖ ನೋಡಿಯೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ಸುದ್ದಿ ಬಂದದ್ದು ಆ ಫೋನಿನಲ್ಲೇ. ರಿಸೀವರ್ ಇಡುವ ಮೊದಲೇ ಕಾಕು ನನ್ನ ಕೈ ಹಿಡಿದಿದ್ದರು. ಖಾಸಗಿತನ ಇಲ್ಲದ್ದರಲ್ಲಿಯೂ ಒಂದು ಆಸರೆ ಇತ್ತು ಎಂಬುದನ್ನು ಮರೆಯಬಾರದು.

ಫೋನಿನ ಮಾತು ಖಾಸಗಿಯೇ, ಅಲ್ಲವೇ ಎಂಬ ಚರ್ಚೆ ದೇಶದಲ್ಲಿ ಜೋರಾಗಿ ಎದ್ದದ್ದು ಕರ್ನಾಟಕದಿಂದಲೇ. ನಾನು ಮುಂಬಯಿಗೆ ಬಂದ ಅದೇ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ನಾಗರಿಕ ಹಕ್ಕುಗಳ ಸಂಘಟನೆಯೊಂದು ಹಾಕಿದ ಮೊಕದ್ದಮೆಯಲ್ಲಿ, 1996ರ ಡಿಸೆಂಬರ್‌ನಲ್ಲಿ, ಮನೆಯಲ್ಲಿ ಅಥವಾ ಕಚೇರಿಯಲ್ಲಿ ಕೂತು ಫೋನಿನಲ್ಲಿ ಆಡುವ ಮಾತು ವ್ಯಕ್ತಿಯ ಖಾಸಗಿ ವಿಷಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕದ್ದು ಕೇಳಬೇಕಾದರೆ ಯಾರು ಆದೇಶ ಕೊಡಬೇಕು, ಎಷ್ಟು ಕಾಲಕ್ಕೆ ಎಂಬ ನಿಯಮಗಳನ್ನೂ ಹಾಕಿಕೊಟ್ಟಿತು.

ಅರ್ಜಿ ಫಾರಂನ ಪ್ರಶ್ನೆಗಳು

ಹೆಂಗಸರಿಗೆ ಹತ್ತಿರವಾದ ಒಂದು ಮೊಕದ್ದಮೆ ಹೆಚ್ಚಿನವರಿಗೆ ಗೊತ್ತಿಲ್ಲ. 1989ರಲ್ಲಿ ದೆಹಲಿಯ ಒಬ್ಬ ಮಹಿಳೆ ಭಾರತೀಯ ಜೀವ ವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರಿದರು. ಸೇರುವಾಗ ತುಂಬಬೇಕಾದ ಘೋಷಣಾ ಪತ್ರದಲ್ಲಿ ಮಹಿಳೆಯರಿಗೆಂದೇ ಕೆಲವು ಪ್ರಶ್ನೆಗಳಿದ್ದವು. ಮುಟ್ಟು ಸರಿಯಾಗಿ ಆಗುತ್ತದೆಯೇ, ನೋವಿರುತ್ತದೆಯೇ, ಕೊನೆಯ ಸಲ ಮುಟ್ಟಾದ ದಿನಾಂಕ ಯಾವುದು, ಎಷ್ಟು ಬಾರಿ ಗರ್ಭ ಧರಿಸಿದ್ದೀರಿ ಎಂಬಂಥವು. ಕೆಲವು ತಿಂಗಳ ಬಳಿಕ ಆಕೆ ಹೆರಿಗೆ ರಜೆ ಹಾಕಿದಾಗ, ದಿನಾಂಕ ತಪ್ಪು ಬರೆದಿದ್ದೀರಿ ಎಂಬ ಕಾರಣದಿಂದ ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟ್ 1991ರಲ್ಲಿ ಆಕೆಯನ್ನು ಮತ್ತೆ ಕೆಲಸಕ್ಕೆ ಸೇರಿಸಿತು. ಇಂಥ ಪ್ರಶ್ನೆಗಳು ಹೆಣ್ಣಿನ ಮಾನ, ಸಂಕೋಚಗಳಿಗೆ ಧಕ್ಕೆ ತರುವಂಥವು, ಆ ಕಾಲಮ್ಮುಗಳನ್ನು ತೆಗೆದುಹಾಕಿ ಎಂದು ನಿಗಮಕ್ಕೆ ಹೇಳಿತು.

ಆ ತೀರ್ಪಿನ ಬಗ್ಗೆ ಓದಿದಾಗ ನನಗೆ ನೆನಪಾದದ್ದು ನಮ್ಮ ಅಡುಗೆಮನೆಯ ಕ್ಯಾಲೆಂಡರು. ಮದುವೆಯಾದ ಮೊದಲ ಎರಡು ವರ್ಷ ಅತ್ತೆ ಅದರಲ್ಲಿ ನನ್ನ ತಿಂಗಳ ದಿನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲೇ. ದಿನ ಮುಂದಕ್ಕೆ ಹೋದರೆ ಊರಿಗೆ ಕಾಗದ ಹೋಗುತ್ತಿತ್ತು. ಅವರದು ಕೆಟ್ಟ ಮನಸ್ಸಲ್ಲ. ಅವರ ಕಾಲದಲ್ಲಿ ಮೂರು ದಿನ ಹೊರಗೆ ಕೂತರೆ ಇಡೀ ಕೇರಿಗೇ ತಿಳಿಯುತ್ತಿತ್ತು. ಮುಚ್ಚಿಡುವುದಕ್ಕೆ ಏನಿದೆ ಎಂಬುದು ಅವರ ಭಾವನೆ. ಆದರೆ ಆ ಗುರುತು ನೋಡಿದಾಗಲೆಲ್ಲ ನನಗೆ ಮೈ ಹಿಡಿಯಾಗುತ್ತಿತ್ತು. ನನ್ನ ದೇಹದ ಲೆಕ್ಕವನ್ನು ಬೇರೆ ಯಾರೋ ಇಡುತ್ತಿದ್ದಾರೆ ಎಂಬ ಭಾವನೆ. ಆ ಭಾವನೆಗೆ ಹೆಸರಿದೆ ಎಂದು ತಿಳಿದದ್ದು ಬಹಳ ವರ್ಷದ ಮೇಲೆ. ಮುಂದೆ ನಾನೇ ಏನು ಮಾಡಿದೆ ಎಂಬುದನ್ನು ಹೇಳುವ ಮೊದಲು ಇದನ್ನು ಹೇಳಲೇಬೇಕಿತ್ತು.

ಕನ್ನಡಿಗ ನ್ಯಾಯಮೂರ್ತಿಯ ಅರ್ಜಿ

ಖಾಸಗಿತನ ಒಂದು ಹಕ್ಕು ಎಂದು ಮೊದಲು ವಿಸ್ತಾರವಾಗಿ ಬರೆದವರು ಅಮೆರಿಕದ ಬೋಸ್ಟನ್ನಿನ ಇಬ್ಬರು ವಕೀಲರು, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿಸ್ ಬ್ರಾಂಡೈಸ್. ಇಸವಿ 1890. ಇಲ್ಲಿ ನಮ್ಮ ಪವಾಯಿ ಕೆರೆ ರೂಪುಗೊಳ್ಳುತ್ತಿದ್ದ ಕಾಲ. ಅವರಿಗೆ ತಲೆನೋವಾದದ್ದು ಎರಡು: ಥಟ್ಟನೆ ಚಿತ್ರ ತೆಗೆಯುವ ಹೊಸ ಕ್ಯಾಮೆರಾ ಮತ್ತು ಮನೆಮನೆಯ ಗಾಳಿಸುದ್ದಿ ಅಚ್ಚು ಹಾಕುವ ಪತ್ರಿಕೆ. ಇಂದು ಎರಡೂ ಸೇರಿ ನಮ್ಮ ಅಂಗೈಯಲ್ಲಿವೆ.

ನಮ್ಮ ಸಂವಿಧಾನದಲ್ಲಿ ಖಾಸಗಿತನ ಎಂಬ ಶಬ್ದ ಬರೆದಿರಲಿಲ್ಲ. 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, 1962ರಲ್ಲಿ ಆರು ನ್ಯಾಯಮೂರ್ತಿಗಳ ಪೀಠ ಅದನ್ನು ಮೂಲಭೂತ ಹಕ್ಕೆಂದು ಒಪ್ಪಿರಲಿಲ್ಲ. ಆಮೇಲಿನ ಸಣ್ಣ ಪೀಠಗಳು ಒಪ್ಪುತ್ತಾ ಬಂದವು. ಹೀಗೆ ವಿಷಯ ಅರೆಬರೆಯಾಗಿಯೇ ಉಳಿದಿತ್ತು.

ಅದನ್ನು ಇತ್ಯರ್ಥಕ್ಕೆ ತಂದವರು ಒಬ್ಬ ಕನ್ನಡಿಗರು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1926ರಲ್ಲಿ ಜನಿಸಿದವರು, 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದವರು, 1986ರಲ್ಲಿ ನಿವೃತ್ತರಾದವರು. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಸಂಸತ್ತು ಕಾನೂನು ಮಾಡದೆ ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. 2015ರಲ್ಲಿ ಸರ್ಕಾರದ ಪರ ವಕೀಲರು ಹಳೆಯ ಆ ಎರಡು ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಆದ್ದರಿಂದ ಎಂಟಕ್ಕಿಂತ ದೊಡ್ಡ ಪೀಠ ಬೇಕಾಯಿತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಖಾಸಗಿತನ ಮೂಲಭೂತ ಹಕ್ಕು. ಜೀವಿಸುವ ಹಕ್ಕಿನ, ಸ್ವಾತಂತ್ರ್ಯದ ಒಳಗೇ ಅದು ಇದೆ. ಆ ಪೀಠದಲ್ಲಿ ಮೂಡುಬಿದಿರೆಯ ಕಡೆಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ನಾಲ್ವರ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಂದು ಮುಖ್ಯ ಮಾತನ್ನು ಸೇರಿಸಿದ್ದಾರೆ. ಮನೆಯ ವಿಷಯ ಎಂಬ ಹೆಸರಿನಲ್ಲಿ ಹೆಣ್ಣಿನ ಮೇಲಿನ ದಬ್ಬಾಳಿಕೆಯನ್ನು ಮುಚ್ಚಿಡುವುದಕ್ಕೆ ಖಾಸಗಿತನ ಪರದೆಯಾಗಬಾರದು ಎಂಬುದು ಅದರ ಸಾರ. ನಮ್ಮಲ್ಲಿ ಎಷ್ಟೋ ಸಲ 'ಮನೆಯ ಗುಟ್ಟು' ಎಂದು ಬಾಯಿ ಮುಚ್ಚಿಸಿದ್ದು ಯಾರನ್ನು ಎಂದು ನೆನೆಸಿಕೊಂಡರೆ ಈ ಮಾತಿನ ತೂಕ ತಿಳಿಯುತ್ತದೆ. ಗುಟ್ಟು ಬೇರೆ, ಖಾಸಗಿತನ ಬೇರೆ. ಗುಟ್ಟನ್ನು ಬೇರೆಯವರು ನಮ್ಮ ಮೇಲೆ ಹೇರಬಹುದು. ಖಾಸಗಿತನದಲ್ಲಿ ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುವವಳು ನಾನು.

ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಇಂದು ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಪಾಠ.

ಅದೇ 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಇನ್ನೊಂದು ಸಣ್ಣ ತೀರ್ಪು ಬಂದಿತ್ತು. ಮಗಳ ಮದುವೆಗೆ ಸಂಬಂಧಿಸಿದ ಹಳೆಯ, ರಾಜಿಯಾಗಿ ಮುಗಿದ ಮೊಕದ್ದಮೆಯೊಂದರ ಆದೇಶ ಅಂತರ್ಜಾಲದಲ್ಲಿ ಹೆಸರು ಹುಡುಕಿದರೆ ಸಿಗುತ್ತದೆ, ಅದರಿಂದ ಆಕೆಯ ಸಂಸಾರಕ್ಕೆ ತೊಂದರೆ ಎಂದು ತಂದೆಯೊಬ್ಬರು ಕೋರ್ಟಿಗೆ ಹೋದರು. ಹುಡುಕಾಟದಲ್ಲಿ ಆಕೆಯ ಹೆಸರು ಬಾರದಂತೆ ನೋಡಿಕೊಳ್ಳಲು ನ್ಯಾಯಾಲಯ ತನ್ನ ರಿಜಿಸ್ಟ್ರಿಗೆ ಸೂಚಿಸಿತು. ಮಹಿಳೆಯರ ಸೂಕ್ಷ್ಮ ಪ್ರಕರಣಗಳಲ್ಲಿ 'ಮರೆಯಲ್ಪಡುವ ಹಕ್ಕು' ಎಂಬುದನ್ನು ನಮ್ಮಲ್ಲಿ ಮೊದಮೊದಲು ಗುರುತಿಸಿದ ತೀರ್ಪುಗಳಲ್ಲಿ ಇದೊಂದು. ಮುಂಚೆ ಊರು ಬಿಟ್ಟರೆ ಮಾತು ಮರೆಯುತ್ತಿತ್ತು. ಈಗ ಊರು ಬಿಟ್ಟರೂ ಮಾತು ಬೆನ್ನು ಬಿಡುವುದಿಲ್ಲ.

ಅಂಗೈಯಲ್ಲಿ ಬಂದ ಊರಕಟ್ಟೆ

ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ರಂದು. 2004ರಲ್ಲಿ ಆರ್ಕುಟ್ ಬಂತು. ನಮ್ಮ ಮಕ್ಕಳು ಸೈಬರ್ ಕೆಫೆಗೆ ಹೋಗಿ ಅದರಲ್ಲಿ ಸ್ನೇಹಿತರನ್ನು ಹುಡುಕಿದರು. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಬರೆದ ಮಾತು ಗೋಡೆ ಬರಹದ ಹಾಗೆ ಎಲ್ಲರಿಗೂ ಕಾಣುತ್ತಿತ್ತು. ಅಂಚೆ ಕಾರ್ಡು ಹೊಸ ವೇಷದಲ್ಲಿ ಮರಳಿತ್ತು, ಆದರೆ ಕಾರ್ಡಿಗೆ ಏನು ಬರೆಯಬಾರದು ಎಂಬ ಹಳೆಯ ವಿವೇಕ ಮಾತ್ರ ಮರಳಲಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅಷ್ಟರಲ್ಲಿ ಫೇಸ್‌ಬುಕ್ ಎಲ್ಲರ ಮನೆ ಹೊಕ್ಕಿತ್ತು. ಅದೇ ವರ್ಷ ಅದು ವಾಟ್ಸಾಪನ್ನೂ ಕೊಂಡುಕೊಂಡಿತು.

ಹುಡುಗಾಟ ಎಂದುಕೊಂಡಿದ್ದ ಈ ಲೋಕದ ಬಿಸಿ ನಮ್ಮ ನೆರೆಗೇ ತಟ್ಟಿದ್ದು 2012ರ ನವೆಂಬರ್‌ನಲ್ಲಿ. ಬಾಳಾಸಾಹೇಬ್ ಠಾಕ್ರೆ ಅವರ ಅಂತ್ಯಕ್ರಿಯೆಯ ದಿನದ ಬಂದ್ ಬಗ್ಗೆ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಒಂದು ಟಿಪ್ಪಣಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಗೆ ದಾಳಿಯಾಯಿತು. ಮುಂದೆ ಮೊಕದ್ದಮೆ ಮುಚ್ಚಿತು, ಪೊಲೀಸ್ ಅಧಿಕಾರಿಗಳ ಮೇಲೆ ಕ್ರಮವಾಯಿತು. ಬಂಧನಕ್ಕೆ ಬಳಸಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಹುಡುಗಿಯರದು ತಪ್ಪಲ್ಲ ಎಂದು ದೇಶವೇ ಒಪ್ಪಿತು, ಸರಿ. ಆದರೆ ಗೆಳತಿಯರ ನಡುವಿನ ಮಾತು ಎಂದು ಬರೆದದ್ದು ಗಂಟೆಗಳೊಳಗೆ ಪೇಟೆಯ ಗುಂಪಿನ ಕೈ ಸೇರಿದ್ದನ್ನು ಯಾವ ತೀರ್ಪೂ ಹಿಂದಕ್ಕೆ ತರಲಾರದು.

ಫೋಟೋದ ಕಥೆ ಇನ್ನೂ ಹತ್ತಿರದ್ದು. 2017ರ ಜೂನ್‌ನಲ್ಲಿ ಫೇಸ್‌ಬುಕ್ ಪ್ರೊಫೈಲ್ ಚಿತ್ರಕ್ಕೆ ಕಾವಲು ಹಾಕುವ ಸೌಲಭ್ಯವನ್ನು ಮೊದಲು ತಂದದ್ದು ಭಾರತದಲ್ಲಿ. ಇಲ್ಲಿನ ಎಷ್ಟೋ ಹೆಂಗಸರು ದುರುಪಯೋಗದ ಹೆದರಿಕೆಯಿಂದ ತಮ್ಮ ಮುಖವನ್ನೇ ಹಾಕುತ್ತಿಲ್ಲ ಎಂಬುದು ಅದಕ್ಕೆ ಕಾರಣ. ಗುಲಾಬಿ ಹೂವು, ದೇವರ ಪಟ, ಮೊಮ್ಮಗುವಿನ ಫೋಟೋ ಹಾಕಿಕೊಂಡಿರುವ ನಮ್ಮ ಗುಂಪಿನ ಅರ್ಧ ಜನರನ್ನು ನೋಡಿದರೆ ಸಾಕ್ಷಿ ಬೇರೆ ಬೇಕಿಲ್ಲ. 2020ರ ಮೇ ತಿಂಗಳಿನಲ್ಲಿ ಇಡೀ ಪ್ರೊಫೈಲಿಗೆ ಬೀಗ ಹಾಕುವ ಸೌಲಭ್ಯವೂ ಇಲ್ಲಿ ಬಂತು.

ಹೆದರಿಕೆ ಸುಳ್ಳಾಗಿರಲಿಲ್ಲ. 2022ರ ಹೊಸ ವರ್ಷದ ದಿನ, ಹಲವಾರು ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಸಾಮಾಜಿಕ ಜಾಲತಾಣಗಳಿಂದ ಎತ್ತಿ 'ಹರಾಜಿ'ಗಿಟ್ಟ ಒಂದು ಆ್ಯಪ್ ಬೆಳಕಿಗೆ ಬಂತು. ಅದರ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಮುಂಬಯಿ ಪೊಲೀಸರ ಸೈಬರ್ ವಿಭಾಗ ತನಿಖೆ ನಡೆಸಿ ಮೊದಲು ಹಿಡಿದದ್ದು ಬೆಂಗಳೂರಿನಲ್ಲಿದ್ದ ಒಬ್ಬ ವಿದ್ಯಾರ್ಥಿಯನ್ನು. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿ ಹರಿಬಿಟ್ಟರು. ತಾನು ಶಾಲೆ, ಕಾಲೇಜಿನಲ್ಲಿದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲಾರೆ ಎಂದು ಆಕೆ ಆಗ ಬಹಿರಂಗವಾಗಿ ಹೇಳಿದರು. ಅದನ್ನು ಮಾಡಿದವನ ಬಂಧನವಾದದ್ದು 2024ರ ಜನವರಿಯಲ್ಲಿ. ಹೆಸರಿದ್ದವರಿಗೇ ಎರಡು ತಿಂಗಳು ಹಿಡಿಯಿತು. ಹೆಸರಿಲ್ಲದ ಹುಡುಗಿಯ ಗತಿ?

ನಾನೇ ಮಾಡಿದ ತಪ್ಪು

ಇಷ್ಟೆಲ್ಲ ಇಸವಿ ಹೇಳಿದವಳು ಈಗ ನನ್ನ ಮನೆಯ ಇಸವಿಯನ್ನೂ ಹೇಳಬೇಕು. ಮಗಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವಳು ಓದಿ, ಎರಡು ಸಾಲು ತೆಗೆಸಿ, "ಹಾಕಮ್ಮ" ಎಂದಳು.

2019ರಲ್ಲಿ ಮಗಳು ಪುಣೆಯಿಂದ ಫೋನ್ ಮಾಡಿ, "ಅಮ್ಮಾ, ನೀನು ಅಜ್ಜಿಯಾಗ್ತೀಯ" ಎಂದಳು. ಆಗಷ್ಟೇ ಏಳನೆಯ ವಾರ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ರಾತ್ರಿ ಮಹಿಳಾ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ, ಗಂಡನ ಮನೆಯವರ ಗುಂಪಿನಲ್ಲಿ, ಊರಿನ ಗುಂಪಿನಲ್ಲಿ ಬರೆದುಬಿಟ್ಟೆ. ತೊಟ್ಟಿಲಿನ ಚಿತ್ರವನ್ನೂ ಹಾಕಿದೆ. ನೂರಾರು ಹಾರೈಕೆ ಬಂದವು. ಯಾರೋ ಅದನ್ನು ಫೇಸ್‌ಬುಕ್ಕಿಗೂ ಹಾಕಿ ಮಗಳ ಹೆಸರನ್ನು ಜೋಡಿಸಿದರು. ಅವಳ ಕಚೇರಿಯವರಿಗೆ ಅವಳು ಹೇಳುವ ಮೊದಲೇ ಗೊತ್ತಾಯಿತು.

ಹತ್ತನೆಯ ವಾರದಲ್ಲಿ ಗರ್ಭ ನಿಲ್ಲಲಿಲ್ಲ.

ಸುದ್ದಿ ಹೋದ ವೇಗದಲ್ಲಿ ದುಃಖ ಹೋಗಲಿಲ್ಲ. ಮೂರು ಗುಂಪಿಗೂ ನಾನು ಏನನ್ನೂ ಬರೆಯಲಾರದೆ ಹೋದೆ. ಎಂಟು ತಿಂಗಳವರೆಗೆ ಅವಳಿಗೆ ಸಂದೇಶಗಳು ಬರುತ್ತಲೇ ಇದ್ದವು. "ಸೀಮಂತ ಯಾವಾಗ?" "ಹೆರಿಗೆಗೆ ಪವಾಯಿಗೆ ಬರ್ತೀಯಾ?" ತಿಂಗಳು ತುಂಬುವ ದಿನದ ಲೆಕ್ಕ ಹಾಕಿ ಒಬ್ಬರು ಮುಂಚಿತವಾಗಿಯೇ ಶುಭಾಶಯ ಕಳಿಸಿದರು. ಯಾರದೂ ಕೆಟ್ಟ ಮನಸ್ಸಲ್ಲ. ಅತ್ತೆಯದೂ ಅಲ್ಲವಾಗಿತ್ತು.

ಒಂದು ದಿನ ಅವಳು ಮನೆಗೆ ಬಂದಾಗ ಫೋನನ್ನು ನನ್ನ ಮುಂದಿಟ್ಟು ಕೇಳಿದಳು: "ಅಮ್ಮಾ, ಅದು ನಿನ್ನ ಸುದ್ದಿಯಾಗಿತ್ತಾ, ನನ್ನ ಸುದ್ದಿಯಾಗಿತ್ತಾ?"

ನನಗೆ ಅಡುಗೆಮನೆಯ ಕ್ಯಾಲೆಂಡರು ಕಣ್ಣ ಮುಂದೆ ಬಂತು. ಪೆನ್ಸಿಲಿನ ಗುರುತನ್ನಾದರೂ ಅಳಿಸಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಮಕ್ಕಳಿಂದ ಸಾಲುಸಾಲು ಬರೆಸಿದವಳು ನಾನು. ಉತ್ತರ ಕೊಡಲು ಮಾತು ಬರಲಿಲ್ಲ.

ಕಾನೂನು ಎಲ್ಲಿಯವರೆಗೆ?

ಪುಟ್ಟಸ್ವಾಮಿ ತೀರ್ಪಿನ ಆರು ವರ್ಷದ ಬಳಿಕ, 2023ರ ಆಗಸ್ಟ್ 11ರಂದು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಈ ಕಾಯ್ದೆಯಲ್ಲಿ ನನಗೆ ಖುಷಿ ಕೊಟ್ಟ ಸಂಗತಿಗಳು ಎರಡು. ಕಾನೂನಿನಲ್ಲಿ ಯಾವಾಗಲೂ 'ಅವನು' ಎಂದು ಬರೆದು ಅದರಲ್ಲಿ 'ಅವಳು' ಸೇರಿದ್ದಾಳೆ ಎನ್ನುವ ರೂಢಿ. ಇಲ್ಲಿ 'ಅವಳು' ಎಂದೇ ಬರೆದು, ಯಾವ ಲಿಂಗದವರಿದ್ದರೂ ಅದರಲ್ಲಿ ಸೇರಿದ್ದಾರೆ ಎಂದಿದ್ದಾರೆ. ಎರಡನೆಯದು, ನಮ್ಮ ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮಗಿದೆ.

ಕಾಯ್ದೆಯ ಪ್ರಕಾರ ಒಪ್ಪಿಗೆ ಎಂದರೆ ಒತ್ತಾಯವಿಲ್ಲದೆ, ಯಾವುದಕ್ಕೆ ಎಂದು ಸ್ಪಷ್ಟವಾಗಿ ತಿಳಿದು ಕೊಟ್ಟದ್ದು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು. ಜನರು ಕೂಡಿ ಕಟ್ಟಿಕೊಂಡ ಸಂಘವೂ, ನೋಂದಣಿಯಾಗಿರಲಿ ಇಲ್ಲದಿರಲಿ, ಈ ಕಾಯ್ದೆ ಹೇಳುವ 'ವ್ಯಕ್ತಿ'ಯ ವ್ಯಾಖ್ಯೆಯೊಳಗೆ ಬರುತ್ತದೆ. ಇದು ನಮ್ಮ ವಿಳಾಸಪಟ್ಟಿಗೆ ನೇರವಾಗಿ ತಟ್ಟುವ ಮಾತು.

ಆದರೆ ಎರಡು ಕಡೆ ಈ ಕಾನೂನು ನಮ್ಮ ಜೊತೆ ಬರುವುದಿಲ್ಲ. ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಇದು ಅನ್ವಯಿಸುವುದಿಲ್ಲ. ಒಬ್ಬರು ತಮ್ಮ ಮನೆಯ, ವೈಯಕ್ತಿಕ ಬಳಕೆಗೆ ಇಟ್ಟುಕೊಂಡದ್ದಕ್ಕೂ ಅನ್ವಯಿಸುವುದಿಲ್ಲ. ಅಂದರೆ ನನ್ನಂಥ ಅಮ್ಮ ಮಗಳ ಸುದ್ದಿಯನ್ನು ಬಂಧುಗಳ ಗುಂಪಿಗೆ ಹಾಕಿದರೆ ತಡೆಯುವುದಕ್ಕೆ ಯಾವ ಕಾಯ್ದೆಯೂ ಬರಲಾರದು. ಅಲ್ಲಿ ತಡೆಯಬೇಕಾದದ್ದು ಅಮ್ಮನ ಬೆರಳು.

ಈ ಸಂಚಿಕೆಯಲ್ಲಿ ವಿಳಾಸಪಟ್ಟಿ ಯಾಕಿಲ್ಲ

ಮುದ್ರಿತ ಸಂಚಿಕೆಯ ಪ್ರತಿಗಳು ಕಪಾಟಿನಲ್ಲಿ, ಟ್ರಂಕಿನಲ್ಲಿ, ಕೊನೆಗೆ ರದ್ದಿ ಅಂಗಡಿಯಲ್ಲಿ ಕೊನೆಗಾಣುತ್ತಿದ್ದವು. ಇ-ಸಂಚಿಕೆಗೆ ರದ್ದಿ ಅಂಗಡಿ ಇಲ್ಲ. ಅದು ಒಂದು ಫೋನಿನಿಂದ ಇನ್ನೊಂದಕ್ಕೆ, ಪವಾಯಿಯಿಂದ ದುಬೈಗೆ, ಅಲ್ಲಿಂದ ಎಲ್ಲಿಗೋ ಹೋಗುತ್ತದೆ. ಒಂಟಿಯಾಗಿರುವ ಹಿರಿಯ ಸದಸ್ಯೆಯ ಫ್ಲ್ಯಾಟ್ ನಂಬರು, ಜನ್ಮದಿನಾಂಕ, ವಿದೇಶದಲ್ಲಿರುವ ಮಗನ ಹೆಸರು ಒಂದೇ ಸಾಲಿನಲ್ಲಿ ಸಿಕ್ಕರೆ, "ಆಂಟೀ, ನಿಮ್ಮ ಮಗನಿಗೆ ಅಪಘಾತವಾಗಿದೆ, ತಕ್ಷಣ ಹಣ ಕಳಿಸಿ" ಎಂದು ಕರೆ ಮಾಡುವ ಮೋಸಗಾರನಿಗೆ ಬೇರೇನು ಬೇಕು? ಹಳೆಯ ಪಟ್ಟಿಯಲ್ಲಿ ತಪ್ಪಿರಲಿಲ್ಲ. ಪಟ್ಟಿ ಅದೇ ಇದೆ, ಅದು ಓಡಾಡುವ ಹಾದಿ ಬದಲಾಗಿದೆ.

ಸಮಿತಿಯಲ್ಲಿ ಎರಡು ಸಲ ಚರ್ಚೆಯಾಗಿ, ಕೊನೆಗೆ ಎಲ್ಲರೂ ಒಪ್ಪಿದ್ದು ಇಷ್ಟು. ವಿಳಾಸಪಟ್ಟಿ ಸಂಘದ ಕಪಾಟಿನಲ್ಲಿ ಒಂದು ಪುಸ್ತಕದಲ್ಲಿರುತ್ತದೆ. ಬೇಕಾದವರು ಬಂದು ಕೇಳಬಹುದು. ರಕ್ತದ ಗುಂಪಿನ ಪಟ್ಟಿಯನ್ನು, ಒಪ್ಪಿದವರದು ಮಾತ್ರ, ಕಾರ್ಯದರ್ಶಿಯವರು ಇಟ್ಟುಕೊಳ್ಳುತ್ತಾರೆ. ಅರಸಿನ ಕುಂಕುಮದ ದಿನ ಬಾಗಿಲಲ್ಲಿ ಹೆಸರು ಬರೆಸುವಾಗಲೇ ಫೋಟೋ ಹಾಕಬಹುದೇ ಎಂದು ಕೇಳಿ ಗುರುತು ಮಾಡಿಕೊಳ್ಳುವುದು. ಮಕ್ಕಳ ಫೋಟೋ ಹೆತ್ತವರು ಒಪ್ಪದೆ ಹಾಕುವಂತಿಲ್ಲ. ಹೆರಿಗೆ, ಕಾಯಿಲೆ, ಸಾವಿನ ಸುದ್ದಿಯನ್ನು ಆ ಮನೆಯವರೇ ಹಾಕಬೇಕು ಅಥವಾ ಅವರು ಹೇಳಿದ ಮೇಲೆ ನಾವು ಹಾಕಬೇಕು.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ವಾಟ್ಸಾಪಿನಲ್ಲಿ ನಿಮ್ಮ ಫೋಟೋ ಯಾರಿಗೆ ಕಾಣಬೇಕು, ನಿಮ್ಮನ್ನು ಗುಂಪಿಗೆ ಯಾರು ಸೇರಿಸಬಹುದು ಎಂಬುದನ್ನು ಪ್ರೈವಸಿ ಸೆಟ್ಟಿಂಗಿನಲ್ಲಿ ನೀವೇ ಆರಿಸಿಕೊಳ್ಳಿ. ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಕೊಳ್ಳಿ. ಊರಿಗೆ ಹೊರಟಾಗ ರೈಲು ನಿಲ್ದಾಣದ ಫೋಟೋವನ್ನು ಹಿಂತಿರುಗಿದ ಮೇಲೆ ಹಾಕಿ. ಹಣ ಕಳೆದುಕೊಂಡರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಫೋಟೋದ ದುರುಪಯೋಗವಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಬಹುದು, ಮಹಿಳೆಯರ ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಹೇಗೆಂದು ತಿಳಿಯದಿದ್ದರೆ ಸಂಕೋಚ ಬೇಡ, ಶನಿವಾರದ ಭಜನೆ ಮುಗಿದ ಮೇಲೆ ನಾವು ನಾಲ್ಕು ಜನ ಕೂತು ತೋರಿಸಿಕೊಡುತ್ತೇವೆ. ನನಗೂ ಕಲಿಸಿದ್ದು ಮಗಳೇ.

ಅವಳಿಗೆ ಈಗ ಮೂರು ವರ್ಷದ ಒಂದು ಮಗುವಿದೆ. ಹುಟ್ಟಿದ ಸುದ್ದಿ ನಮ್ಮ ಗುಂಪಿಗೆ ಬಂದದ್ದು ಹದಿನೈದು ದಿನ ಕಳೆದ ಮೇಲೆ, ಅವಳೇ ಹಾಕಿದ್ದು. ಆ ಹದಿನೈದು ದಿನ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡಿದ ಸಂತೋಷವನ್ನು ಯಾರ ಹಾರೈಕೆಗೂ ಹೋಲಿಸಲಾರೆ. ತಡೆಯಲಾರದೆ ಒಬ್ಬರಿಗೆ ಮಾತ್ರ ಹೇಳಿದೆ, ಅದೂ ಮಗಳನ್ನು ಕೇಳಿಯೇ: ಕೆಳಗಿನ ಮನೆಯ ಕಾಕುವಿಗೆ. ಅವರಿಗೀಗ ತೊಂಬತ್ತರ ಹತ್ತಿರ, ಫೋನ್ ಬಳಸುವುದಿಲ್ಲ. ಹಿಂದಿನಂತೆಯೇ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಂಡು ನಕ್ಕರು.